ಅಟ್ಟದ ಸುರುಳಿಗಳಿಗೆ ಬಿಸಿಲು ತೋರಿಸಿದವರು

ಶಿವಮೊಗ್ಗ, ಭದ್ರಾವತಿಗಳ ರಸ್ತೆಗಳಲ್ಲಿ ಹಳೆಯ ಕಾರುಗಳನ್ನು ಹತ್ತಿ ಓಡಾಡಿದವರಲ್ಲಿ ಅನೇಕರು, ತಮಗೆ ತಿಳಿಯದೆಯೇ, ಶ್ರೀ ಷಡಕ್ಷರಪ್ಪನವರ ಕೈಕೆಲಸಕ್ಕೆ ಬೆನ್ನು ಒರಗಿಸಿ ಕೂತವರು. ಕಾರಿನ ಸೀಟು ಹೊಲಿಯುವವರು ನಮ್ಮ ಊರಿನಲ್ಲಿ ಹಲವರಿದ್ದಾರೆ. ಹೊಲಿದು ಮಿಕ್ಕ ಬಟ್ಟೆಯನ್ನು ಕಾಪಾಡುವುದೂ ಹೊಲಿಗೆಯಷ್ಟೇ ದೊಡ್ಡ ಕೆಲಸವೆಂದು ನಂಬಿ, ಹಾಗೆಯೇ ನಡೆದವರು ಷಡಕ್ಷರಪ್ಪನವರು. ಅವರು ಸೂಜಿ ಕೆಳಗಿಡುತ್ತಿರುವ ಈ ಹೊತ್ತಿನಲ್ಲಿ ನಾಲ್ಕು ಮಾತು ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಹಿರಿಯರು ಹೇಳಿದಾಗ, ಎಂಟನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅಳುಕಾಯಿತು. ಮಾತನಾಡುವುದಕ್ಕಿಂತ ನೋಡುವುದೇ ನನಗೆ ಒಗ್ಗಿದ್ದು. ಆದ್ದರಿಂದ ನೋಡಿದ್ದನ್ನು ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ, ಕೋಟೆಯ ಓಣಿಯಲ್ಲಿದ್ದ ಅವರ ಅಂಗಡಿಗೆ ನಾನು ಅಂಚು ಹೊಲಿಯುವ ಕೆಲಸಕ್ಕೆ ಸೇರಿದೆ. ಗಿರಾಕಿಗಳು ಬಂದರೆ ಸಾಕು, ನಾಚಿಕೆಯಿಂದ ಏಣಿ ಹತ್ತಿ ಅಟ್ಟಕ್ಕೆ ಹೋಗಿಬಿಡುತ್ತಿದ್ದೆ. ಅವರು ಗದರಲಿಲ್ಲ. "ಅಲ್ಲೇ ಇರು ತನುಜಾ. ಮೇಲಿರೋರೂ ಮಾತಾಡಲ್ಲ, ನಿಂಗೆ ಒಳ್ಳೇ ಜೊತೆ ಮಾರಾಯ್ತಿ" ಎಂದು ನಕ್ಕರು.

ಮೇಲೆ ಇದ್ದದ್ದು ಬಟ್ಟೆಯ ಸುರುಳಿಗಳು. ಯಾವುದೇ ಕಾರಿಗೆ ಸೀಟು ಹೊಲಿದರೂ ಅದೇ ಥಾನಿನಿಂದ ಇನ್ನೊಂದು ತುಂಡು ಕತ್ತರಿಸಿ, ಕಾರಿನ ನಂಬರಿನ ಚೀಟಿ ಕಟ್ಟಿ, ಮುಂದೊಂದು ದಿನ ಬೇಕಾದೀತೆಂದು ಎತ್ತಿಡುವುದು ಅವರ ಪದ್ಧತಿ. ಮಡಚಿದರೆ ಮಡಿಕೆಯಲ್ಲೇ ಬಿರಿಯುತ್ತದೆಂದು ರೆಕ್ಸಿನ್ನನ್ನು ರಟ್ಟಿನ ಕೊಳವೆಗೆ ಸುತ್ತುತ್ತಿದ್ದರು. ಒಂದು ಸುತ್ತು ಇನ್ನೊಂದಕ್ಕೆ ಅಂಟದಂತೆ ನಡುವೆ ಹಳೆಯ ಪಂಚೆಯ ಬಟ್ಟೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮಳೆಗಾಲದಲ್ಲಿ ಒಳಗೇ ಬೆವತು ಬೂಷ್ಟು ಬರುತ್ತದೆಂದು ಅದನ್ನು ಅಟ್ಟಕ್ಕೇ ಸೇರಿಸುತ್ತಿರಲಿಲ್ಲ. ಗೋಡೆಗೆ ತಾಗದಂತೆ, ಹಗ್ಗದ ಕುಣಿಕೆಗಳಲ್ಲಿ, ಸುರುಳಿಗಳು ತೊಟ್ಟಿಲ ಮಕ್ಕಳಂತೆ ತೂಗುತ್ತಿದ್ದವು. ಹಂಚಿನ ಸಂದಿನಿಂದ ಇಳಿದ ಬೆಳಕಿನಲ್ಲಿ ಅವುಗಳ ನಡುವೆ ಕೂತರೆ, ಊರಿನ ಕಾರುಗಳೆಲ್ಲ ರಾತ್ರಿ ಕಂಡ ಕನಸುಗಳನ್ನು ಇಲ್ಲಿ ತಂದು ನೇತುಹಾಕಿವೆ ಅನ್ನಿಸುತ್ತಿತ್ತು.

ಅವರ ಇನ್ನೊಂದು ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಯುಧಪೂಜೆಗೆ ತೊಳೆದು ಹೂ ಮುಡಿದು ಬಂದ ಕಾರುಗಳಿಗೆಲ್ಲ ಆಯಾ ಕಾರಿನ ತುಂಡನ್ನು ಅಟ್ಟದಿಂದ ಇಳಿಸಿ, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಹಾಸಿ ಕಳಿಸುತ್ತಿದ್ದರು. ದೀಪಾವಳಿಯವರೆಗೆ ಅದು ಅಲ್ಲಿ ಬಿಸಿಲು ಕಾಯಿಸಿಕೊಂಡು ಊರು ಸುತ್ತಿ, ಮತ್ತೆ ಅಟ್ಟಕ್ಕೆ ಮರಳಬೇಕು. ಯಾಕೆಂದು ನಾನು ಕೇಳಿದ್ದೆ.

"ಸೀಟಿಗೆ ವಯಸ್ಸಾಗುತ್ತಲ್ಲ ತಂಗಿ, ಇದಕ್ಕೂ ಆಗ್ಬೇಕು. ಹೊಸದಾಗೇ ಉಳಿದ್ರೆ ತೇಪೆ ಹಾಕಿದ ದಿನ ಊರಿಗೆಲ್ಲ ಕಾಣುತ್ತೆ."

ಅದರ ಅರ್ಥ ನನಗೆ ಪೂರ್ತಿ ತಿಳಿದದ್ದು ಭದ್ರಾವತಿಯ ಶಾಂತಮ್ಮನವರು ಬಂದ ವರ್ಷ. ಅವರ ಯಜಮಾನರು ಕೃಷ್ಣಪ್ಪನವರು ರೈಲ್ವೆ ಸ್ಟೇಷನ್ನಿನ ಬಳಿ ಟ್ಯಾಕ್ಸಿ ನಿಲ್ಲಿಸುತ್ತಿದ್ದವರು. ತೀರಿಕೊಂಡ ಮೇಲೆ ಅವರ ಹಸಿರು ಸೀಟಿನ ಅಂಬಾಸಿಡರ್ ಮನೆಯ ಶೆಡ್ಡಿನಲ್ಲೇ ನಿಂತಿತ್ತು. ಡ್ರೈವರ್ ಸೀಟಿನ ಬೆನ್ನು ಬಿರಿದು ಸ್ಪಂಜು ಹೊರಬಂದಿತ್ತು. ದೀಪಾವಳಿ ಕಳೆದ ಮೇಲೆ ಮಗ ದೇವರಾಜ್ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದರು.

"ಯುಗಾದಿವರೆಗೆ ನೋಡ್ತೀನಿ ಮೇಸ್ತ್ರಿ. ಸೀಟು ಸರಿ ಹೋಗ್ಲಿಲ್ಲ ಅಂದ್ರೆ ಚನ್ನಗಿರಿಯೋರು ಕೇಳ್ತಿದಾರೆ, ಗಾಡಿ ಕೊಟ್ಟುಬಿಡ್ತೀನಿ."

"ಹೊಸ ಸೀಟು ಹಾಕಿಸ್ತೀನಿ ಅಂತಾನೆ" ಎಂದರು ಶಾಂತಮ್ಮ. "ಆಮೇಲೆ ಅದು ಯಾರದೋ ಕಾರಾಗುತ್ತೆ. ಅವರು ಒರಗಿ ಕೂತಿದ್ದು ಇದಕ್ಕೆ."

ನಾನು ಅಟ್ಟದಲ್ಲೇ ನಿಂತು ಸುರುಳಿ ಇಳಿಬಿಟ್ಟು, ಕಿಂಡಿಯಿಂದ ನೋಡಿದೆ. ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ. ಆದರೆ ಸೀಟಿನ ಮೇಲಿಟ್ಟಾಗ ಎರಡರ ಬಣ್ಣ ಬೇರೆಯಾಗಿ ಕಂಡಿತು. ಸೀಟು ಬಾಡಿದ ವೀಳ್ಯದೆಲೆಯ ಬಣ್ಣಕ್ಕೆ ತಿರುಗಿತ್ತು. ತುಂಡು ಆಗತಾನೆ ಕೊಯ್ದ ಎಲೆಯಂತೆ ಹಸಿಯಾಗಿತ್ತು. ದಸರೆಯೆಂದರೆ ಟ್ಯಾಕ್ಸಿಗೆ ಬಿಡುವಿಲ್ಲದ ಕಾಲ. ಕೊನೆಯ ವರ್ಷಗಳಲ್ಲಿ ಕೃಷ್ಣಪ್ಪನವರು "ಮುಂದಿನ್ ಸಲ ಬರ್ತೀನಿ ಮೇಸ್ತ್ರಿ" ಎನ್ನುತ್ತಲೇ ಉಳಿದಿದ್ದರು.

ಬೇರೆಯವರಾಗಿದ್ದರೆ ಹೊಲಿದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಷಡಕ್ಷರಪ್ಪನವರು ತುಂಡನ್ನು ಶಾಂತಮ್ಮನವರ ಕೈಗಿಟ್ಟು, "ಸೀಟಿಗೆ ದಪ್ಪ ಬಟ್ಟೆ ಮುಚ್ಚಿ, ಇದನ್ನ ಹಿಂದೆ ಹಾಸಿ, ಬಿಸಿಲಲ್ಲಿ ಕಾರು ಓಡಿಸಿ. ತಪ್ಪಿಸಿಕೊಂಡ ಹಬ್ಬಗಳೆಲ್ಲ ಆಗ್ಲಿ. ಆಮೇಲೆ ಬನ್ನಿ" ಎಂದರು.

ಸಂಕ್ರಾಂತಿ ಕಳೆದು ಅವರು ಬಂದಾಗ ತುಂಡು ಎಳ್ಳಷ್ಟೂ ಬದಲಾಗಿರಲಿಲ್ಲ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದುಮಾಡಿದರು. ದೇವರಾಜ್ ತಡೆಯಲಾರದೆ ಹೇಳಿಬಿಟ್ಟರು: "ಅಮ್ಮ ಅದಕ್ಕೂ ಹೊದಿಕೆ ಹೊದಿಸಿದ್ರು. ಮಲಗಿಸಿ ಜೋಗುಳ ಹಾಡೋದೊಂದು ಬಾಕಿ!"

"ಧೂಳು ಬೀಳುತ್ತೆ ಅಂತ ಮುಚ್ಚಿದ್ದೆ ಕಣೋ" ಎಂದ ಶಾಂತಮ್ಮನವರ ಮುಖ ಸಣ್ಣದಾಯಿತು. "ಅವರ ಸೀಟಿಗೆ ಸೇರೋದಲ್ವಾ."

"ಧೂಳು ಬೀಳ್ಲಿ ಅಮ್ಮಾ, ಒರೆಸಿದ್ರೆ ಹೋಗುತ್ತೆ. ಬಿಸಿಲು ನಾವು ಹೊಲಿದು ಕೊಡಕ್ಕಾಗಲ್ಲ" ಎಂದರು ಮೇಸ್ತ್ರಿ, ಬಹಳ ಮೆಲ್ಲಗೆ.

ಅಂದಿನಿಂದ ಶಾಂತಮ್ಮ ಮನೆಯಲ್ಲಿ ಕೂರಲಿಲ್ಲ. ಮೊದಮೊದಲು ಗೊಣಗಿದ ದೇವರಾಜ್ ರಜೆಯ ದಿನಗಳಲ್ಲಿ ತಾಯಿಯನ್ನು ಕೂರಿಸಿಕೊಂಡು ಹೊಳಲೂರಿನ ಕಡೆ, ರಾಗಿಗುಡ್ಡದ ಕಡೆ, ಯಾವ ಕೆಲಸವೂ ಇಲ್ಲದೆ ಕಾರು ಓಡಿಸಿದರು. ನಾನು ಅಟ್ಟದ ಕಿಂಡಿಯಿಂದ ಕೆಲವು ಸಲ ಕಂಡಿದ್ದೇನೆ: ಮಾಘದ ತಿಳಿ ಬಿಸಿಲಿನಲ್ಲಿ ಅಂಬಾಸಿಡರ್ ತೇಲಿದಂತೆ ಹೋಗುತ್ತಿತ್ತು, ಹಿಂದಿನ ಗಾಜಿನಲ್ಲಿ ಒಂದು ಹಸಿರು ನಿಧಾನವಾಗಿ ಹಣ್ಣಾಗುತ್ತಿತ್ತು.

ಯುಗಾದಿಗೆ ಮುಂಚೆ ಅವರು ಬಂದರು. ಆ ವೇಳೆಗೆ ಮೇಸ್ತ್ರಿಯ ಕಣ್ಣು ಮಂಜಾಗತೊಡಗಿತ್ತು. ಸೀಟಿನ ಬೆನ್ನಿನ ಹೊದಿಕೆ ಬಿಚ್ಚಿ ಅಟ್ಟಕ್ಕೆ ಕಳಿಸಿ, ತೇಪೆಯನ್ನು ನನ್ನಿಂದ ಹೊಲಿಸಿದರು. ಮುಗಿದ ಮೇಲೆ ಶಾಂತಮ್ಮ, ಎಂದೂ ಕೂರದಿದ್ದ ಡ್ರೈವರ್ ಸೀಟಿನಲ್ಲಿ ಕೂತು, ಬೆನ್ನನ್ನು ಕೈಯಿಂದ ಸವರಿ ಸವರಿ ನೋಡಿದರು.

"ಎಲ್ಲಿ ಹಾಕಿದ್ರಿ?"

ಯಾರೂ ತೋರಿಸಲಿಲ್ಲ. ದೇವರಾಜ್ ಬಗ್ಗಿ ಹುಡುಕಿದರು, ಹುಡುಕುವುದನ್ನು ಬಿಟ್ಟರು. "ಚನ್ನಗಿರಿಯೋರಿಗೆ ಬೇಡ ಅಂತ ಫೋನ್ ಮಾಡ್ತೀನಿ ಬಿಡಮ್ಮ" ಎಂದರು.

ಹೊಲಿದವರು ಯಾರೆಂದು ಶಾಂತಮ್ಮ ಕೇಳಿದಾಗ ಮೇಸ್ತ್ರಿ ಅಟ್ಟದತ್ತ ಕೈ ತೋರಿದರು. "ಮೇಲಿದಾಳೆ. ಕರೀರಿ, ಇಳೀತಾಳೋ ನೋಡೋಣ."

ನಾನು ಇಳಿದೆ. ಅಂದಿನಿಂದ ಗಿರಾಕಿಗಳ ಮುಂದೆ ನಿಲ್ಲುತ್ತಿದ್ದೇನೆ.

ಈಗ ಏಣಿ ಹತ್ತಲು ಅವರಿಗೆ ಕಷ್ಟ. ಸುರುಳಿಗಳನ್ನು ನನಗೆ ಒಪ್ಪಿಸಿ ವಿಶ್ರಾಂತಿಗೆ ಹೊರಟಿದ್ದಾರೆ. ಕೃಷ್ಣಪ್ಪನವರ ಕಾರಿನ ಮಿಕ್ಕ ತುಂಡು ಅಟ್ಟದಲ್ಲಿದೆ. ಅದು ಯಾವ ಹಬ್ಬವನ್ನೂ ತಪ್ಪಿಸಿಕೊಳ್ಳುತ್ತಿಲ್ಲ. ಷಡಕ್ಷರಪ್ಪನವರಲ್ಲಿ ನನ್ನದೊಂದೇ ಪ್ರಾರ್ಥನೆ: ಎತ್ತಿಟ್ಟ ಬಟ್ಟೆಯಂತೆ ಮನೆಯೊಳಗೇ ಉಳಿಯದಿರಿ. ಅಂಗಡಿಯ ಬಾಗಿಲಲ್ಲಿ, ಬೆಳಗಿನ ಬಿಸಿಲು ಬೀಳುವಲ್ಲಿ, ನಿಮ್ಮ ಕುರ್ಚಿ ಹಾಕಿದ್ದೇನೆ. ದಿನವೂ ಬಂದು ಕೂರಿ. ಇನ್ನೂ ಬಹಳ ವರ್ಷ, ನಮ್ಮೆಲ್ಲರ ಜೊತೆಯಲ್ಲೇ, ನಿಧಾನವಾಗಿ ನಿಮಗೂ ವಯಸ್ಸಾಗಲಿ.