ಅಡಿಗಲ್ಲನ್ನು ತೊಳೆಸಿ ಓದಿಸಿದ ಜಗದಾಂಬಾ ಟೀಚರ್

ಶಿವಮೊಗ್ಗ, ಭದ್ರಾವತಿಗಳ ಶಾಲೆಗಳಲ್ಲಿ ಕನ್ನಡ ಕಲಿಸಿದ ಗುರುಗಳು ಬಹಳ ಮಂದಿ ಇದ್ದಾರೆ. ಆದರೆ ಕಲಿತ ಕನ್ನಡದಿಂದ ಮೊದಲು ಏನನ್ನು ಓದಬೇಕೆಂದು ತೋರಿಸಿಕೊಟ್ಟವರು ಶ್ರೀಮತಿ ಜಗದಾಂಬಾ ಅವರೊಬ್ಬರೇ ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ. ಹಗಲು ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ, ಸಂಜೆಯ ಮೇಲೆ ನಮ್ಮಂಥ ವಯಸ್ಸಾದ ಹೆಂಗಸರಿಗೆ ಅಕ್ಷರ ಹೇಳಿಕೊಟ್ಟ ಅವರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಈ ಸಂಪುಟಕ್ಕೆ ಲೇಖನ ಕೇಳಲು ಬಂದ ಅಭಿನಂದನ ಸಮಿತಿಯ ಅಧ್ಯಕ್ಷ ಓಂಕಾರಪ್ಪನವರು, “ಲಿಂಗಮ್ಮನವ್ರೇ, ಟೀಚರ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಿ, ರಾಜಕೀಯ ಮಾತ್ರ ಬೇಡ” ಎಂದರು. ನಾನು ಬರೆಯುತ್ತಿರುವುದು ಒಳ್ಳೆಯ ಮಾತೇ. ಅದು ರಾಜಕೀಯದಂತೆ ಕಂಡರೆ ತಪ್ಪು ಟೀಚರ್ ಅವರದ್ದೂ ಅಲ್ಲ, ನನ್ನದೂ ಅಲ್ಲ.

ನಾನು ಮಾಚೇನಹಳ್ಳಿಯ ಎರಕದ ಕಾರ್ಖಾನೆಯೊಂದರಲ್ಲಿ ಮರಳು ಜರಡಿ ಹಿಡಿದು, ಮೈಯಲ್ಲಿ ಶಕ್ತಿ ತಗ್ಗಿದ ಮೇಲೆ ಮನೆ ಸೇರಿದವಳು. ಭದ್ರಾವತಿಯ ನಮ್ಮ ಬಡಾವಣೆಯಲ್ಲಿ, ಪ್ರೇಮಮ್ಮನ ಮನೆಯ ಜಗುಲಿಯ ಮೇಲೆ ಟೀಚರ್ ತರಗತಿ ಶುರು ಮಾಡಿದಾಗ ನನಗಾಗಲೇ ಮೊಮ್ಮಕ್ಕಳಿದ್ದರು. ಶಾಲೆ ಬಿಟ್ಟ ಮೇಲೆ ಶಿವಮೊಗ್ಗದ ಬಸ್ಸು ಹತ್ತಬೇಕಾದವರು ನೇರವಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಒಂದೇ ಸಾಲನ್ನು ನಾನು ತಿಂಗಳುಗಟ್ಟಲೆ ತಪ್ಪಾಗಿ ಓದಿ ಎಲ್ಲರನ್ನೂ ನಗಿಸುತ್ತಿದ್ದೆ. ಟೀಚರ್ ಮಾತ್ರ ನಗಲಿಲ್ಲ. ಒಂದು ಭಾನುವಾರ ಶಿವಮೊಗ್ಗಕ್ಕೆ ಕರೆಸಿಕೊಂಡು, ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕ ಕೊಡಿಸಿ, ತಮ್ಮ ಮನೆಯಲ್ಲಿ ಊಟ ಬಡಿಸಿ ಬಸ್ಸು ಹತ್ತಿಸಿದರು. “ನಿಮ್ಮ ತಲೆ ಚೆನ್ನಾಗೇ ಇದೆ ಲಿಂಗಮ್ಮನವ್ರೇ, ಕಣ್ಣಷ್ಟೇ ಮಂಜು” ಎಂದರು. ನನ್ನ ತಲೆ ಚೆನ್ನಾಗಿದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಜಗುಲಿ ಸಾಲದೆ ಹೆಂಗಸರು ಬೀದಿಯಲ್ಲಿ ಚಾಪೆ ಹಾಸಿ ಕೂರುವಂತಾದಾಗ, ರಾತ್ರಿ ಶಾಲೆಗೊಂದು ಕೊಠಡಿ ಬೇಕೆಂದು ಅರ್ಜಿ ಕೊಟ್ಟೆವು. ಸದನದ ಮಾನ್ಯ ಸದಸ್ಯರೊಬ್ಬರು ಅಭಿವೃದ್ಧಿ ನಿಧಿಯಿಂದ ಅದನ್ನು ಮಂಜೂರು ಮಾಡಿಸಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಸಾಕಷ್ಟು ಕಲ್ಲುಗಳ ಮೇಲೆ ಈಗಾಗಲೇ ಇದೆ. ಗುದ್ದಲಿ ಪೂಜೆಯ ದಿನ ನಾವು ಪೂರ್ಣಕುಂಭ ಹೊತ್ತೆವು, ಆರತಿ ಎತ್ತಿದೆವು, ಶಾಲು ಹೊದಿಸಿದೆವು. ಕಾರುಗಳು ಹೋದವು, ಅಡಿಗಲ್ಲು ಉಳಿಯಿತು.

ಮಂತ್ರ ಹೇಳಿ ಪೂಜೆ ಮಾಡಿದ ಕಲ್ಲಲ್ಲವೇ! ಶುಕ್ರವಾರ ಬಂದರೆ ನಾವು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಟ್ಟಡ ಬೇಗ ಮೇಲೇಳಲಿ ಎಂದು ಕೈಮುಗಿಯತೊಡಗಿದೆವು. ಕಟ್ಟಡ ಏಳಲಿಲ್ಲ; ಕುಂಕುಮ ಅಕ್ಷರಗಳನ್ನೆಲ್ಲ ಮುಚ್ಚಿತು. ಪ್ರೇಮಮ್ಮನಂತೂ ಕಲ್ಲಿಗೆ ಬೆಳ್ಳಿಯ ಕಣ್ಣು ಮಾಡಿಸುವುದಾಗಿ ಹರಕೆಯನ್ನೂ ಹೊತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಬಂದು ಹೋಗುತ್ತಿದ್ದ ಟೀಚರ್‌ಗೆ ಇದು ತಿಳಿದಿರಲಿಲ್ಲ. ರಜೆಯ ದಿನವೊಂದರ ಬೆಳಗ್ಗೆಯೇ ಬಂದವರು ನಮ್ಮ ಪೂಜೆ ಕಂಡು ನಿಂತುಬಿಟ್ಟರು. ಬೈಯಲಿಲ್ಲ. ಒಂದು ಬಿಂದಿಗೆ ನೀರು, ಒಂದಿಷ್ಟು ತೆಂಗಿನ ನಾರು ತರಿಸಿದರು.

“ಅಯ್ಯೋ, ದೇವ್ರನ್ನ ಪಾತ್ರೆ ಥರ ಉಜ್ತೀರಾ ಟೀಚರ್?” ಎಂದು ಪ್ರೇಮಮ್ಮ ಕೆನ್ನೆ ಬಡಿದುಕೊಂಡಳು.

“ಯಾವ ದೇವರು ಅಂತ ನೀವೇ ಓದಿ ಹೇಳಿ ಪ್ರೇಮಮ್ಮ. ಅಕ್ಷರ ಕಲ್ತಿದ್ದೀರಲ್ಲ.”

ಪ್ರೇಮಮ್ಮ ಉಜ್ಜಿದಳು, ಬೆರಳಿಟ್ಟು ಓದಿದಳು. ಮೊದಲಿಗೆ ಮಾನ್ಯ ಸದಸ್ಯರ ಹೆಸರು, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ. ಆಮೇಲೆ ಅವರ ಜೊತೆ ಬಂದವರ ಹೆಸರುಗಳು. ಕಟ್ಟಕಡೆಗೆ, ಮಣ್ಣಿಗೆ ತಾಗಿದ ಸಾಲಿನಲ್ಲಿ, ರಾತ್ರಿ ಶಾಲಾ ಕೊಠಡಿ. ಓದಿ ಮುಗಿಸಿ ಕಲ್ಲಿನ ಹಿಂದೆ ಇಣುಕಿದಳು. ಅಲ್ಲಿ ಮುಳ್ಳುಗಿಡ ಬೆಳೆದಿತ್ತು.

“ಇಷ್ಟು ದಿನ ಇವ್ನಿಗಾ ಮಾರಾಯ್ತಿ ನಾವು ಹೂವು ಮುಡ್ಸಿದ್ದು!” ಎಂದು ನನ್ನ ಕಡೆ ತಿರುಗಿದಳು.

“ಓದೋದು ಬಂತು,” ಎಂದರು ಟೀಚರ್. “ಇನ್ನು ಕೇಳೋದು ಕಲೀರಿ.”

ಅಲ್ಲಿಂದ ನಮ್ಮ ಪಾಠ ಬೀದಿಗೆ ಬಂತು. ಭಾನುವಾರಗಳಂದು ಊರಿನ ಕಲ್ಲುಗಳನ್ನು, ಬೋರ್ಡುಗಳನ್ನು ಓದುತ್ತಾ ನಡೆದೆವು. ಓದಿದ ಮೇಲೆ ತಲೆ ಎತ್ತಿ, ಬರೆದದ್ದು ಎದುರಿಗೆ ಇದೆಯೇ ಎಂದು ನೋಡಬೇಕು; ಅಷ್ಟೇ ನಿಯಮ. ಬಸ್ ತಂಗುದಾಣದಲ್ಲಿ ನಿಲ್ದಾಣದ ಹೆಸರು ಹುಡುಕಿದರೂ ಸಿಗದು, ಕಟ್ಟಿಸಿದವರ ಭಾವಚಿತ್ರ ಮಾತ್ರ ಬಾಗಿಲಷ್ಟಗಲ. ನೀರಿಲ್ಲದ ತೊಟ್ಟಿಯ ಮೇಲೂ ಉದ್ಘಾಟನೆಯ ತಾರೀಕು. ಎಲ್ಲ ಕಡೆಯೂ ‘ಕೊಡುಗೆ’ ಎಂದು ಬರೆಸುತ್ತಾರೆ! ಯಾರ ಮನೆಯ ಗಂಟನ್ನು ಯಾರು ಯಾರಿಗೆ ಕೊಡುಗೆ ಕೊಟ್ಟದ್ದು? ನಮ್ಮದನ್ನು ನಮಗೇ ಕೊಟ್ಟು, ಅದಕ್ಕೆ ನಮ್ಮ ಕೈಯಿಂದಲೇ ಆರತಿ ಎತ್ತಿಸಿಕೊಳ್ಳುವವರನ್ನು ನೆನೆದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಸದಸ್ಯರು ಜನಸ್ಪಂದನ ಸಭೆ ಕರೆದಾಗ ನಾವೆಲ್ಲ ಹೋದೆವು. ಟೀಚರ್ ಸರ್ಕಾರಿ ನೌಕರರು, ಅಲ್ಲಿ ಬಾಯಿ ತೆರೆಯುವಂತಿರಲಿಲ್ಲ. ನಾನೇ ಎದ್ದು ನಿಂತೆ.

“ಸ್ವಾಮಿ, ನಮ್ಮ ಕೊಠಡಿ ದುಡ್ಡು ಏನಾಯ್ತು?”

“ಅದು ಸ್ವಾಗತ ಕಮಾನಿಗೆ ಬಳಕೆ ಆಗಿದೆ ಅಜ್ಜಿ. ಊರಿಗೊಂದು ಶೋಭೆ ಬರ್ಲಿ ಅಂತ. ಕೊಟ್ಟೋನು ನಾನೇ, ಬದಲಾಯ್ಸಿದೋನೂ ನಾನೇ. ಭಾರಿ ಟ್ಯಾಕ್ಸ್ ಕಟ್ಟೋರ ಥರ ಕೇಳ್ತೀರಲ್ಲ!”

ಸಭೆ ನಕ್ಕಿತು. ಪ್ರೇಮಮ್ಮ ಕೂತಲ್ಲಿಂದಲೇ ದನಿ ಎತ್ತಿದಳು: “ಕಟ್ತೀವಲ್ಲ ಸ್ವಾಮಿ! ಚಪ್ಲಿ ತಗೊಂಡ್ರೆ ಕಟ್ತೀವಿ, ಸೋಪು ತಗೊಂಡ್ರೆ ಕಟ್ತೀವಿ. ನನ್ ಬಾಯಲ್ಲಿ ಒಂದ್ ಹಲ್ಲಿಲ್ಲ, ಮೊಮ್ಮಗಳ ಪೇಸ್ಟಿಗೂ ಕಟ್ತೀನಿ. ನಿಮ್ ಕಮಾನಿನ ಕೆಳಗೆ ಲಾರಿ ಓಡಾಡ್ತಾವೆ, ಅಲ್ಲಿ ಸ್ಲೇಟು ಹಿಡ್ಕೊಂಡು ಕೂರ್ಲಾ?”

ಈ ಸಲದ ನಗು ಇನ್ನೂ ಜೋರಾಗಿತ್ತು. ಸದಸ್ಯರು ಮಾತ್ರ ನಗಲಿಲ್ಲ. “ಈ ಮುದುಕೀರಿಗೆ ಇದನ್ನೆಲ್ಲ ಹೇಳ್ಕೊಟ್ಟೋರು ಯಾರು?” ಎಂದು ಪಕ್ಕದವರನ್ನು ಕೇಳಿದರು.

ನಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇಂದಿಗೂ ಬಂದಿಲ್ಲ. ಅವರ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಆಡಳಿತದ ಹಿತದೃಷ್ಟಿಯಿಂದ ಎಂಬ ಒಕ್ಕಣೆಯೊಂದಿಗೆ ಟೀಚರ್‌ಗೆ ಸಾಗರ ಪಟ್ಟಣದಾಚೆಯ ಹಿನ್ನೀರಿನ ಅಂಚಿನ ಶಾಲೆಗೆ ವರ್ಗವಾಯಿತು. ಶಿವಮೊಗ್ಗದ ಮನೆಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಸದಸ್ಯರ ಕಡೆಯವನೊಬ್ಬ ಬಂದು, ಹೆಂಗಸರೆಲ್ಲ ಕ್ಷಮೆ ಕೇಳಿದರೆ ವರ್ಗ ನಿಲ್ಲುತ್ತದೆ ಎಂದ. ನಾವು ಅಳುತ್ತಾ ಒಪ್ಪಿದ್ದೆವು. ಒಪ್ಪದವರು ಟೀಚರ್.

“ನಾನು ಬಸ್ಸಲ್ಲಿ ಓಡಾಡ್ತೀನಿ, ಅದೇನು ದೊಡ್ಡದಲ್ಲ. ನೀವು ಕೇಳಿದ್ದನ್ನ ವಾಪಸ್ ತಗೊಂಡ್ರೆ ಇನ್ನೊಂದ್ಸಲ ಕೇಳೋಕೆ ಬಾಯೇ ಬರಲ್ಲ” ಎಂದರು.

ತಾಯಿ ತೀರಿಕೊಂಡಾಗ ಟೀಚರ್ ಬಸ್ಸಿನಲ್ಲಿದ್ದರು. ಇದನ್ನು ನಾನು ಶಾಂತವಾಗಿ ಬರೆಯಲಾರೆ. ಒಂದು ಕೊಠಡಿಯ ಲೆಕ್ಕ ಕೇಳಿದ್ದಕ್ಕೆ, ಅದೂ ತಾವು ಕೇಳದೆ ನಮ್ಮಿಂದ ಕೇಳಿಸಿದ್ದಕ್ಕೆ, ಒಬ್ಬ ಮಗಳಿಗೆ ತಾಯಿಯ ಬಾಯಿಗೆ ಕೊನೆಯ ನೀರು ಬಿಡಲಾಗಲಿಲ್ಲ. ಆ ದೂರದ ಶಾಲೆಗೆ ಓಡಾಡುತ್ತಲೇ ತಿಂಗಳಿಗೊಮ್ಮೆ ಬಂದು, ಪ್ರೇಮಮ್ಮನ ಜಗುಲಿಯ ಮೇಲೆ ಕೂತು ನಮ್ಮ ಬರವಣಿಗೆ ತಿದ್ದಿ ಹೋಗುತ್ತಿದ್ದವರು ಅವರು. ಕಮಾನಿಗೆ ಮಾತ್ರ ಹೋದ ವರ್ಷ ಹೊಸ ಬಣ್ಣ ಬಂದಿದೆ.

ಈಗ ಈ ಸಂಪುಟದ ಬಿಡುಗಡೆಗೆ ಅದೇ ಸದಸ್ಯರನ್ನು ಕರೆಯಬೇಕೆಂದು ಸಮಿತಿಯ ಕೆಲವರು ಹೇಳುತ್ತಿದ್ದಾರಂತೆ. ಕೇಳಿದಾಗ ಸಿಟ್ಟು ಬಂತು. ಆಮೇಲೆ ಯೋಚಿಸಿ, ಕರೆಯಲಿ ಎಂದೆ. ಸಮಾರಂಭ ಇರುವುದು ಬರುವ ತಿಂಗಳು. ಅಷ್ಟರಲ್ಲಿ ಟೀಚರ್ ಸರ್ಕಾರಿ ನೌಕರರಾಗಿರುವುದಿಲ್ಲ. ಅವರನ್ನು ವರ್ಗ ಮಾಡಲು ಯಾವ ಊರೂ ಉಳಿದಿರುವುದಿಲ್ಲ. ಪೂಜ್ಯ ಗುರುಗಳೇ, ನೀವು ನನಗೆ ವಿದ್ಯೆ ಕೊಟ್ಟವರು, ನಾನು ವಯಸ್ಸಿನಲ್ಲಿ ಹಿರಿಯಳು; ಆದ್ದರಿಂದ ನಮಸ್ಕಾರವನ್ನೂ ಆಶೀರ್ವಾದವನ್ನೂ ಒಟ್ಟಿಗೇ ಸಲ್ಲಿಸುತ್ತೇನೆ. ನೂರು ವರ್ಷ ಗಟ್ಟಿಯಾಗಿ ಬಾಳಿ. ಇಷ್ಟು ವರ್ಷ ನಮ್ಮ ಬಾಯಿಂದ ಕೇಳಿಸಿದ ಪ್ರಶ್ನೆಯನ್ನು ಇನ್ನು ನಿಮ್ಮ ಬಾಯಿಂದಲೇ ಕೇಳಿ. ವೇದಿಕೆಯ ಮೇಲೆ ಸದಸ್ಯರ ಪಕ್ಕದ ಕುರ್ಚಿ ನಿಮ್ಮದು; ಅವರು ಭಾಷಣ ಮುಗಿಸಿ ಹೊರಡುವ ಮುಂಚೆ ಮೈಕು ನಿಮಗೆ ಕೊಡಬೇಕೆಂದು ಓಂಕಾರಪ್ಪನವರಿಗೆ ಹೇಳಿದ್ದೇನೆ.