ಹುಳದ ಮನೆಯ ಅಕ್ಕಯ್ಯ

ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಲು ನಮ್ಮ ಅಕ್ಕಯ್ಯ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ನಾಚಿಕೆಯಿಂದಲ್ಲ, ಸ್ಪಿರಿಟ್ಟಿನ ವಾಸನೆ ರೇಷ್ಮೆಹುಳಕ್ಕೆ ತಾಗಬಾರದೆಂದು. ತೊಡೆಗೆ ಚುಚ್ಚಿಕೊಂಡು, ಗಾಜಿನ ಸಿರಿಂಜನ್ನು ಕುದಿಯಲು ಇಟ್ಟು, ಬೂದಿ ಹಚ್ಚಿ ಕೈ ತೊಳೆದ ಮೇಲೆಯೇ ಹುಳದ ಮನೆಗೆ ಕಾಲಿಡುವುದು. ಔಷಧಿಯ ಸೀಸೆ ಮಾತ್ರ ಒಳಗೇ ಇರುತ್ತಿತ್ತು, ಮರಿಹುಳಗಳಿಗೆಂದು ಒದ್ದೆ ಗೋಣಿ ಕಟ್ಟಿದ ತಂಪು ಮೂಲೆಯಲ್ಲಿ.

ಅಕ್ಕಯ್ಯ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಚೌಡಮ್ಮ. ಎಪ್ಪತ್ತರ ದಶಕದಲ್ಲಿ ನಾನು ಕ್ಯಾಲನೂರಿಗೆ ಸೊಸೆಯಾಗಿ ಬಂದಾಗ ಹುಳದ ಮನೆಯಲ್ಲಿ ಅವರದೇ ದರ್ಬಾರು. ನಶ್ಯ ಹಾಕುವ ಮಾವನವರಿಗೂ ಒಳಗೆ ಪ್ರವೇಶವಿರಲಿಲ್ಲ.

ಸಕ್ಕರೆ ಕಾಯಿಲೆ ಎಂದು ಕೋಲಾರದ ಡಾಕ್ಟರು ಹೇಳಿದ ದಿನ ಜೊತೆಗೆ ಹೋಗಿದ್ದವಳು ನಾನೇ. ಅನ್ನ ಬಿಡಿ, ಸಿಹಿ ಬಿಡಿ, ರಾಗಿ ತಿನ್ನಿ, ದಿನಾ ನಡೆಯಿರಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕಯ್ಯನಿಗೆ ಅದೇ ಯೋಚನೆ.

"ಅನ್ನ, ಪಾಯಸ ಎಲ್ಲ ನಮ್ಗೆ ಹಬ್ಬಕ್ಕೇ. ಮುದ್ದೆ ದಿನಾ ತಿಂತೀವಿ. ಹುಳಕ್ಕೆ ಸೊಪ್ಪು ಹೊತ್ಕೊಂಡು ತೋಟಕ್ಕೂ ಮನೆಗೂ ನಡೀತಾನೇ ಇರ್ತೀನಿ. ಇನ್ನೇನು ಬಿಡ್ಲಿ ಹೇಳೇ?"

ಏನಾದರೂ ಬಿಡಲೇಬೇಕಲ್ಲ ಎಂದು ಪಾಪ ಎಲೆ ಅಡಿಕೆ ಬಿಟ್ಟರು. ಕಾಯಿಲೆ ಜಗ್ಗಲಿಲ್ಲ, ಅಕ್ಕಯ್ಯನ ಸಿಡಿಮಿಡಿ ಮಾತ್ರ ಹೆಚ್ಚಾಯಿತು.

ಮಾತ್ರೆಗೂ ಬಗ್ಗದೆ ಸೂಜಿ ಶುರುವಾಯಿತು. ಸೂಜಿಯಾದ ಮೇಲೆ ಊಟ ತಡವಾಗಬಾರದು, ತಡವಾದರೆ ಬೆವೆತು ಬೀಳುತ್ತಾರೆ, ಆಗ ಸಕ್ಕರೆಯನ್ನೋ ಬೆಲ್ಲವನ್ನೋ ಕೊಡಿ ಎಂದರು ಡಾಕ್ಟರು. ಬೇಡವೆಂದದ್ದನ್ನೇ ಕೊಡಿ ಎನ್ನುತ್ತಾರಲ್ಲ ಎಂದು ನನಗೆ ತಲೆ ಕೆಟ್ಟಿತು.

ಗೂಡು ಕಟ್ಟುವ ಮುಂಚಿನ ವಾರ ಹುಳಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥ ಒಂದು ಬೆಳಿಗ್ಗೆ ಅಕ್ಕಯ್ಯ ಸೂಜಿ ಹಾಕಿಕೊಂಡು ಬಂದು, "ಈ ಹುಳದ ತಟ್ಟೆ ಒಂದು ಆಗ್ಲಿ" ಎನ್ನುತ್ತಲೇ ಇದ್ದರು. ಅವರ ಮುದ್ದೆ ಆರಿಹೋಯಿತು. ಕರೆಯಲು ಹೋಗಿ ನೋಡಿದರೆ ಬೆವರಿನಲ್ಲಿ ತೊಯ್ದು, ಖಾಲಿ ಬುಟ್ಟಿಗೆ ಕೈಹಾಕಿ ಇಲ್ಲದ ಸೊಪ್ಪನ್ನು ಉದುರಿಸುತ್ತಿದ್ದಾರೆ.

"ಅಕ್ಕಯ್ಯಾ" ಎಂದೆ.

"ಎವರು ನುವ್ವು?" ನೀನು ಯಾರು ಎಂದು ತವರಿನ ತೆಲುಗಿನಲ್ಲಿ ಕೇಳಿ, ಅಲ್ಲೇ ಕುಸಿದು ಕೂತರು.

ನಾನು ಬೆಲ್ಲದ ನೀರು ತಂದೆ. ಅತ್ತೆ ನನ್ನ ಕೈ ಹಿಡಿದು ತಡೆದರು. "ಸಕ್ಕರೆ ಕಾಯ್ಲೆಯವ್ಳಿಗೆ ಬೆಲ್ಲ ಕುಡ್ಸಿ ಸಾಯಿಸ್ತೀಯೇನೇ?"

ಅತ್ತೆ ಹೇಳುವುದೂ ಸರಿಯೆನಿಸಿತು. ನನಗೆ ಅಳು ಬಂತು. ಅಳುತ್ತಲೇ ಕುಡಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅಕ್ಕಯ್ಯನಿಗೆ ನನ್ನ ಗುರುತು ಸಿಕ್ಕಿತು.

"ಬೆಲ್ಲ ವಿಷ ಅಂತಾರೆ, ಬೆಲ್ಲ ಕೊಟ್ಟೇ ಬದುಕಿಸ್ತಾರೆ. ನಂಗೊಂದೂ ಅರ್ಥ ಆಗಲ್ಲ ಕಣೇ" ಎಂದರು.

ಅರ್ಥವಾಗದಿದ್ದರೂ ಒಂದು ಕಟ್ಟಳೆ ಮಾಡಿಕೊಂಡರು: ಮೊದಲು ತಮಗೆ ಮುದ್ದೆ, ಆಮೇಲೆ ಹುಳಕ್ಕೆ ಸೊಪ್ಪು. ಹುಳವನ್ನು ಹಸಿವಿನಲ್ಲಿಟ್ಟು ಉಣ್ಣುವುದೇ ಎಂದು ಅತ್ತೆ ಗೊಣಗಿದರು.

"ಹುಳ ಒಂಚೂರು ತಡ್ಕೊಳ್ತವೆ ಅತ್ತೆ, ನನ್ನ ಸೂಜಿ ತಡ್ಕೊಳಲ್ಲ."

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ಕೋಲಾರದ ಆಸ್ಪತ್ರೆಗೆ ಸೇರಿದ ಅಕ್ಕಯ್ಯ ಅಲ್ಲೇ ತೀರಿಕೊಂಡರು. ಆಗ ಮನೆಯಲ್ಲಿ ಹುಳಗಳು ಗೂಡು ಕಟ್ಟುವ ಮುಂಚಿನ ವಾರದಲ್ಲಿದ್ದವು.

ಮಣ್ಣು ಮಾಡಿ ಎಲ್ಲರೂ ಬಂದು ಕೂತರು. ನಾನು ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದೆ. ಸೂತಕದವರು ಒಳಗೆ ಹೋಗಬಾರದು, ಅಕ್ಕಯ್ಯನೇ ಎಷ್ಟೋ ಜನರನ್ನು ತಡೆದಿದ್ದರು. ಹೋಗದಿದ್ದರೆ ಅವರು ಸಾಕಿದ ಹುಳ ಹಸಿದು ಸಾಯುತ್ತವೆ. ಕೇಳೋಣವೆಂದರೆ ಕೇಳಬೇಕಾದವರೇ ಇಲ್ಲ.

ಅತ್ತೆ ಎದ್ದು ಬಂದರು. ನೆಂಟರ ಮನೆಯಿಂದ ಬಂದಿದ್ದ ಮುದ್ದೆಯಲ್ಲಿ ಒಂದು ತುಂಡು ಮುರಿದು ನನ್ನ ಕೈಗಿಟ್ಟರು.

"ಮೊದ್ಲು ನೀನು ತಿನ್ನು. ಆಮೇಲೆ ಒಳಗೋಗಿ ಸೊಪ್ಪು ಹಾಕು."