ಎತ್ತಿನ ಗ್ವಾದಲಿಯಲ್ಲಿ ಮೊಲದ ಮನೆ

ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ನಮ್ಮ ಕಡೆಯ ಹೆಂಗಸರು ಹೊಲಿಗೆ ಕಲಿಯುತ್ತಾರೆ, ಮಹಿಳಾ ಸಂಘ ಸೇರುತ್ತಾರೆ, ಇಲ್ಲವೇ ಮೊಣಕಾಲು ನೋವಿನ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ನನಗೆ ಮೊಲ ಬೇಕೆನಿಸಿತು. ನಿಪ್ಪಾಣಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೊಲ ಮರಿ ಹಾಕಿತ್ತು. ಅದರಲ್ಲೊಂದು ಬೂದು ಬಣ್ಣದ್ದು ನನ್ನ ಮಡಿಲೇರಿ ಕೂತು ಸೆರಗಿನ ಅಂಚನ್ನು ಮೂಸಿ, ರುಚಿ ನೋಡಿ, ಅಲ್ಲೇ ಕಣ್ಣುಮುಚ್ಚಿತು. ನಲವತ್ತೈದು ದಾಟಿದ ನನಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಬುಟ್ಟಿಯಲ್ಲಿಟ್ಟು ಮೇಲೊಂದು ಟವೆಲ್ ಮುಚ್ಚಿ ಹೊರಟೆ. ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ಅಥಣಿ ಬಸ್ಸು ಹತ್ತಿದಾಗ ಕಂಡಕ್ಟರು, “ಅಕ್ಕಾರ, ಬುಟ್ಟ್ಯಾಗ ಏನೈತ್ರಿ?” ಅಂದ. “ಬಾಳೆಹಣ್ರಿ” ಅಂದೆ. ಬಾಳೆಹಣ್ಣು ಟವೆಲ್ಲಿನಿಂದ ಕಿವಿ ಹೊರಗೆ ಹಾಕಿ ಅವನನ್ನು ನೋಡಿತು. ಅವನು ನಗುತ್ತಾ ಮುಂದೆ ಹೋದ. ಪುಣ್ಯಾತ್ಮ.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ನಮ್ಮದು ಅಥಣಿ ಮತ್ತು ಕಾಗವಾಡದ ನಡುವೆ ದ್ರಾಕ್ಷಿ ಬೆಳೆಯುವ ಜೈನರ ಮನೆ. ನನ್ನ ಅತ್ತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಭೂಮಿಯೊಳಗೆ ಬೆಳೆದ ಗಡ್ಡೆ ಗೆಣಸು ಯಾವುದೂ ಹೊಸ್ತಿಲು ದಾಟಕೂಡದು. ತಂಗಿ ಮೊಲದ ಜೊತೆ ಒಂದು ಚೀಲ ಗಜ್ಜರಿ, ಅಂದರೆ ಕ್ಯಾರೆಟ್ಟು, ಬೇರೆ ಕಟ್ಟಿದ್ದಳು. ಅತ್ತೆ ಚೀಲವನ್ನು ನೋಡಿದರು, ಮೊಲವನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಗಜ್ಜರಿ ಆ ಕಡೆ ಯಾರಿಗರ ಕೊಟ್ಟ ಬಾ. ನಮ್ಮನ್ಯಾಗ ಇರೂದಾದ್ರ ಅದೂ ನಮ್ಮಂಗ ಉಣ್ಣಬೇಕು.”

ಅಂದರೆ ಮೊಲ ಒಳಗೆ ಬರಬಹುದು ಎಂದಾಯಿತಲ್ಲ! ನಾನು ಹಿಗ್ಗಿದೆ. ಆದರೆ ಮಾತು ಮುಗಿದಿರಲಿಲ್ಲ.

“ಇದನ್ನ ಪಂಜರದಾಗ ಹಾಕಿಡಾಕ ಮಾತ್ರ ನಾ ಬಿಡಂಗಿಲ್ಲ ನೋಡು. ಜೀವಾನ್ನ ಬಂದಿ ಮಾಡಿಟ್ರ ಆ ಪಾಪ ನಮಗ ಸುತ್ಕೊಂತೈತಿ.”

“ಬಯಲಿಗೆ ಬಿಟ್ರ ಬೆಕ್ಕು ಹಿಡಿತೈತ್ರಿ, ಅತ್ತಿ.”

“ಹಂಗಾರ ಮನಿ ಕಟ್ಟು.”

“ಮನಿಗೂ ಪಂಜರಕ್ಕೂ ಏನ ಫರಕ್ರಿ?”

ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. “ಬಾಗಲಾ ತಗದ ಬಿಟ್ಟಾಗ ತಾನ ತಿರಗಿ ಒಳಗ ಹೋತಂದ್ರ ಅದು ಮನಿ. ಹೋಗಲಿಲ್ಲಂದ್ರ ಜೇಲ. ಜೇಲ ಆದ್ರ ಇದು ನಿಪ್ಪಾಣಿಗೆ ವಾಪಸ್.”

ಅಲ್ಲಿಗೆ ನನ್ನ ಮೊಲದ ಹಣೆಬರಹ ಒಂದು ಬಾಗಿಲಿಗೆ ಗಂಟುಬಿತ್ತು.

ಮೊದಲ ಮನೆ ನಾನೇ ಕಟ್ಟಿದೆ. ದ್ರಾಕ್ಷಿ ತುಂಬುವ ಎರಡು ಪ್ಲಾಸ್ಟಿಕ್ ಕ್ರೇಟು, ಒಂದರ ಮೇಲೊಂದು ಬೋರಲು ಹಾಕಿ ಸುತ್ತಲೂ ಸುತಳಿ. ಚೈತ್ರದ ಬಿಸಿಲಿಗೆ ಅದು ಮಧ್ಯಾಹ್ನದ ಹೊತ್ತಿಗೆ ಒಲೆಯಾಯಿತು. ಮೊಲ ಕಿವಿ ಜೋತುಬಿಟ್ಟು ಏದುಸಿರು ಬಿಡುತ್ತಿತ್ತು. ಎತ್ತಿ ಒಳಮನೆಗೆ ತಂದು ತಣ್ಣನೆಯ ಫರಶಿ ಕಲ್ಲಿನ ನೆಲದ ಮೇಲೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡು ಟಿವಿಯ ವೈರು ಕಡಿಯಿತು.

ಆಗ ನಮ್ಮ ಮನೆಯವರು ಅಖಾಡಕ್ಕಿಳಿದರು. ಅವರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ತೋಟದ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ ಮನೂಕ ಮಾಡುವುದರಲ್ಲಿ ಅವರದು ಎತ್ತಿದ ಕೈ. ಲೋಕದ ಎಲ್ಲ ಪ್ರಶ್ನೆಗಳಿಗೂ ಉತ್ತರ ಆ ಶೆಡ್ಡಿನಲ್ಲೇ ಇದೆ ಎಂದು ನಂಬಿದವರು.

“ಮನೂಕಕ್ಕ ಏನ ಬೇಕು? ಗಾಳಿ ಆಡಬೇಕು, ಬಿಸಲ ಬೀಳಬಾರದು, ಕೆಳಗ ಹಸಿ ನಿಲ್ಲಬಾರದು. ಮೊಲಕ್ಕ ಏನ ಬೇಕು? ಅದ! ನೀ ಸುಮ್ನ ಕುಂಡ್ರು.”

ಶೆಡ್ಡಿನಲ್ಲಿ ದ್ರಾಕ್ಷಿ ಹರವಲು ಒಂದರ ಮೇಲೊಂದು ಬಲೆ ಕಟ್ಟಿದ ಅಂತಸ್ತುಗಳಿರುತ್ತವೆ. ಅದರದೇ ಸಣ್ಣ ಅವತಾರವೊಂದು ನಮ್ಮ ಹಿತ್ತಲಿನಲ್ಲಿ ಎದ್ದಿತು. ಕಬ್ಬಿಣದ ಕಂಬ, ನೈಲಾನ್ ಬಲೆ, ಮೂರು ಅಂತಸ್ತು, ಮೇಲೆ ಹಸಿರು ನೆರಳುಪರದೆ. ನೋಡಲು ಜನ ಬಂದರು. ಪಕ್ಕದ ಮನೆಯ ಕಾಕೂ, “ನಮಗೂ ಇಂಥಾದ್ದೊಂದು ಕಟ್ಟಿಕೊಡಪಾ, ಬ್ಯಾಸಗಿ ಕಳಿತೀವಿ” ಎಂದರು. ನಮ್ಮವರು ಮೀಸೆಯಡಿ ನಕ್ಕರು.

ಮರುದಿನ ಬೆಳಿಗ್ಗೆ ನೋಡಿದರೆ ಬಲೆಯಲ್ಲಿ ದೊಡ್ಡ ತೂತು, ಮೊಲ ನನ್ನ ಕೊತ್ತಂಬರಿ ಮಡಿಯಲ್ಲಿ. ನೈಲಾನ್ ಅದರ ಹಲ್ಲಿಗೆ ಶಾವಿಗೆ. “ತಂತಿ ಬಲಿ ಹಾಕತೀನಿ” ಎಂದು ಹಾಕಿಯೇ ಹಾಕಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಹದಿನೈದು ದಿನ ಕಳೆಯುವುದರೊಳಗೆ ಮೊಲ ನಿಜವಾಗಿಯೂ ಮೂರು ಕಾಲಿನ ಮೇಲೆ ಕುಂಟತೊಡಗಿತು.

ಮೊದಲು ಕಂಡದ್ದು ಅತ್ತೆಗೆ. ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಹಿಂಗಾಲು ತಿರುವಿ ನೋಡಿದರು. ಪಾದದ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ದ್ರಾಕ್ಷಿಗೆ ಕಾಲಿಲ್ಲ, ಅದು ತಂತಿಯ ಮೇಲೆ ನಿಲ್ಲಬೇಕಿಲ್ಲ ಎನ್ನುವುದು ನಮಗಿಬ್ಬರಿಗೂ ಹೊಳೆದಿರಲೇ ಇಲ್ಲ! ನಮ್ಮವರು ಬಾಯಿ ತೆರೆಯಲು ಹೋದರು, ಅತ್ತೆ ಕೈ ಎತ್ತಿದರು.

“ಸಾಕಪಾ ನಿನ್ನ ಶೆಡ್ಡಿನ ಶಾಣ್ಯಾತನ. ಇದರ ಕಾಲು ಮೊದಲ ವಾಸಿ ಆಗಲಿ. ಮುಂದಿನ ತಿಂಗಳ ನನ್ನ ಚತುರ್ದಶಿ ಉಪಾಸದ ಹಿಂದಿನ ದಿನಾ ಸಂಜೀಕ ನಾನ ಬಾಗಲಾ ತಗಿತೀನಿ. ಹೊತ್ತು ಮುಳಗೂದ್ರಾಗ ತಾನ ಒಳಗ ಹೋಗಬೇಕು. ಯಾರೂ ಹಿಡದು ಬಿಡಬಾರದು, ತಿನ್ನಾಕ ಕೊಟ್ಟು ಆಸೆ ತೋರಸಬಾರದು. ಇಲ್ಲಂದ್ರ ನಿಪ್ಪಾಣಿ ಬಸ್ಸು.”

ಪಶು ಡಾಕ್ಟರು ಮುಲಾಮು ಕೊಟ್ಟರು. ಕಾಲು ಮಾಯಲು ಗಟ್ಟಿ ನೆಲ, ಮೆತ್ತನೆಯ ಹಾಸಿಗೆ ಬೇಕು ಎಂದರು. ಮೊಲದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಅಂಥ ಜಾಗ ಹುಡುಕುತ್ತಾ ಮನೆಯೆಲ್ಲ ಸುತ್ತಿದೆ. ಹಿತ್ತಲಿನ ಹಳೆಯ ದನದ ಕೊಟ್ಟಿಗೆ ಹೊಕ್ಕಾಗ ಮೊಲ ತಾನೇ ಬುಟ್ಟಿಯಿಂದ ಜಿಗಿದು ಗ್ವಾದಲಿಯೊಳಗೆ ಇಳಿಯಿತು. ಗ್ವಾದಲಿ ಅಂದರೆ ಎತ್ತುಗಳಿಗೆ ಮೇವು ಹಾಕುವ ಕಲ್ಲಿನ ಉದ್ದನೆಯ ತೊಟ್ಟಿ. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದಮೇಲೆ ಅದರಲ್ಲಿ ಹರಿದ ಚೀಲ, ಮುರಿದ ಪಂಪು ಬಿದ್ದಿದ್ದವು. ಮೊಲ ಚೀಲದ ಅಡಿ ನುಗ್ಗಿ ಕತ್ತಲಲ್ಲಿ ಕಾಲು ಚಾಚಿ ಮಲಗಿತು. ಕೈಯಿಟ್ಟು ನೋಡಿದೆ, ಹೊರಗೆ ಕೆಂಡದಂಥ ಬಿಸಿಲಿದ್ದರೂ ಕಲ್ಲು ತಂಪಾಗಿತ್ತು. ಆಹಾ, ಮನೆಯಲ್ಲೇ ಬಂಗಲೆ ಇಟ್ಟುಕೊಂಡು ಊರೆಲ್ಲ ಸುತ್ತಿದ್ದೆವು!

ಇಬ್ಬರೂ ಸೇರಿ ಕೆಲಸಕ್ಕೆ ಬಿದ್ದೆವು. ತಳಕ್ಕೆ ಗೋಣಿಚೀಲ, ಅದರ ಮೇಲೆ ದಪ್ಪಗೆ ಒಣಹುಲ್ಲು. ಕಬ್ಬಿನ ರವದಿ ಬೇಕಾದಷ್ಟಿತ್ತು, ಆದರೆ ಆ ಒಣಗಿದ ಗರಿ ನಮ್ಮ ಕೈಯನ್ನೇ ಕೊಯ್ಯುತ್ತದೆ, ಬೇಡವೆಂದೆ. ಅರ್ಧ ಭಾಗಕ್ಕೆ ಹಲಗೆ ಮುಚ್ಚಿ ಕತ್ತಲು ಮಾಡಿದೆವು, ಇನ್ನರ್ಧಕ್ಕೆ ಬೆಕ್ಕು ಬಾರದಂತೆ ತಂತಿ ಬಲೆ. ಬಲೆ ಈ ಸಲ ತಲೆಯ ಮೇಲೆ, ಕಾಲಡಿಯಲ್ಲಲ್ಲ. ಗ್ವಾದಲಿಯ ಒಂದು ಮೂಲೆಯ ಕಲ್ಲು ಮೊದಲೇ ಮುರಿದಿತ್ತು, ಅಲ್ಲಿಗೊಂದು ಪುಟ್ಟ ಬಾಗಿಲಾಯಿತು. ನೀರಿಗೆ ಪರಟಿ ಎಂಬ ಭಾರವಾದ ಮಣ್ಣಿನ ಬಟ್ಟಲು, ಯಾಕೆಂದರೆ ಹಗುರವಾದ ಸ್ಟೀಲು ಬಟ್ಟಲನ್ನು ಈ ಮಹಾರಾಯ್ತಿ ದಿನಾ ಮಗುಚಿ ಹಾಕುತ್ತಿತ್ತು.

ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಗ್ವಾದಲಿ ಗುಡಿಸುವುದು ನನ್ನ ರೂಢಿಯಾಯಿತು. ಒದ್ದೆ ಹುಲ್ಲು ತೆಗೆದು ಒಣಗಿದ್ದು ಹಾಕುವುದು, ಪರಟಿ ತೊಳೆಯುವುದು, ಮಧ್ಯಾಹ್ನ ಹಲಗೆಯ ಮೇಲೆ ಹಸಿ ಗೋಣಿ ಹೊದಿಸುವುದು. ಮೊಲ ತನ್ನ ಕೊಳೆಗೆ ತಾನೇ ಒಂದು ಮೂಲೆ ಗೊತ್ತುಮಾಡಿಕೊಂಡಿತು. ಅಲ್ಲೊಂದು ಹಳೆಯ ಟ್ರೇ ಇಟ್ಟೆ, ಅರ್ಧ ಕೆಲಸ ಕಡಿಮೆಯಾಯಿತು. ಹಿಕ್ಕೆಯನ್ನು ನಮ್ಮವರು ಮಾತಿಲ್ಲದೆ ದ್ರಾಕ್ಷಿ ಬಳ್ಳಿಗೆ ಒಯ್ಯುತ್ತಿದ್ದರು. ಕಾಲಿನಲ್ಲಿ ಕೂದಲು ಮತ್ತೆ ಬಂತು. ಒಂದು ದಿನ ಅದು ಗ್ವಾದಲಿಯ ಈ ತುದಿಯಿಂದ ಆ ತುದಿಗೆ ಓಡಿ ಗಾಳಿಯಲ್ಲೇ ಮೈ ತಿರುವಿ ಜಿಗಿದದ್ದು ಕಂಡು ನಾನು ಒಬ್ಬಳೇ ಕೊಟ್ಟಿಗೆಯಲ್ಲಿ ಚಪ್ಪಾಳೆ ತಟ್ಟಿದೆ.

ಒಂದೇ ತೊಂದರೆ. ಹಿತ್ತಲಿನಲ್ಲಿ ಬಿಟ್ಟರೆ ಅದು ತಾನಾಗಿ ಒಳಗೆ ಹೋದದ್ದೇ ಇಲ್ಲ. ದಿನಾ ನಾವಿಬ್ಬರೂ ಸೆರಗು, ಟವೆಲ್ಲು ಬೀಸಿ, ಎದ್ದು ಬಿದ್ದು ಹಿಡಿಯಬೇಕಿತ್ತು. ಆ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು.

ಕೊನೆಗೂ ಆ ಸಂಜೆ ಬಂತು. ಅತ್ತೆ ಹಿತ್ತಲ ಗೇಟಿನ ಸಂದಿಗೆಲ್ಲ ಹಲಗೆ ಹಚ್ಚಿಸಿ, ತಮ್ಮ ಕೈಯಾರೆ ಬಾಗಿಲು ತೆಗೆದು, ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತರು. ಮೊಲ ಹೊರಬಂತು. ತುಳಸಿಯ ಬುಡ ಮೂಸಿತು, ಮುಖ ಉಜ್ಜಿಕೊಂಡಿತು, ಗ್ವಾದಲಿಯ ಬಾಗಿಲಿನ ತನಕ ಬಂದು ಒಳಗೆ ಇಣುಕಿ ಯಾರದೋ ಮನೆಯೆನ್ನುವಂತೆ ತಿರುಗಿ ಹೋಯಿತು. ನಮ್ಮವರು ಬೆವರು ಒರೆಸಿಕೊಂಡರು. ಹೊತ್ತು ಪಡುವಣದ ಕಬ್ಬಿನ ತುದಿಗೆ ಇಳಿಯಿತು.

“ಅತ್ತಿ, ಊಟಾ ಮಾಡ್ರಿ. ನಾಳೆ ನಿಮ್ಮ ಉಪಾಸ ಐತಿ, ಈಗ ತಪ್ಪಿದ್ರ ನಾಡಿದ್ದಿನ ತನಾ ಬರೇ ಹೊಟ್ಟಿ.”

“ಅದು ಒಳಗ ಹೋಗೂ ತನಾ ಏಳಂಗಿಲ್ಲ. ಮಾತಂದ್ರ ಮಾತು.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಮೊಲವೂ ಹೋಗುತ್ತದೆ, ಈ ವಯಸ್ಸಿನಲ್ಲಿ ಮುದುಕಿ ಉಪವಾಸವೂ ಬೀಳುತ್ತಾರೆ. ಸಾಕಪ್ಪಾ ಈ ಸಹವಾಸ ಎಂದುಕೊಂಡು ನಮ್ಮವರನ್ನು ಕರೆದುಕೊಂಡು ಒಳಗೆ ಹೋದೆ. ಅವರು ಅಟ್ಟದಿಂದ ನಿಪ್ಪಾಣಿಯ ಬುಟ್ಟಿ ಇಳಿಸಿದರು. ನಾನು ಅತ್ತೆಯ ತಾಟಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದೆ. ಬಡಿಸುವಾಗ ಕಣ್ಣೀರು ತಾಟಿಗೆ ಬೀಳದಂತೆ ಮುಖ ಆಚೆ ಹಿಡಿದಿದ್ದೆ.

ಹಿಂದಿನ ಬಾಗಿಲಿಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಅತ್ತೆ ಇಲ್ಲ. ನೆಲಕ್ಕೆ ಕೂರಲಾಗುವುದಿಲ್ಲವೆಂದು ಬಸದಿಯಲ್ಲೂ ಕುರ್ಚಿ ಕೇಳುವ ನನ್ನ ಅತ್ತೆ ಗ್ವಾದಲಿಯ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸೆರಗಿನ ಮರೆಯಿಂದ ಒಂದು ಹಿಡಿ ಮೆಂತ್ಯಸೊಪ್ಪು ತೆಗೆದು ಬಾಗಿಲೊಳಗೆ ಅಲ್ಲಾಡಿಸುತ್ತಿದ್ದಾರೆ.

“ಬಾ ನಮ್ಮವ್ವಾ, ಬಾ. ಹೊತ್ತ ಮುಳಗಾಕತ್ತೈತಿ, ಬಾ ಬೇ.”

ಮೊಲ ಕಿವಿ ನಿಗುರಿಸಿತು. ಟಣ್ಣನೆ ಜಿಗಿದು, ಅವರ ಕೈಯಡಿಯಿಂದ ನುಸುಳಿ ಒಳಗೆ ಹೋಯಿತು. ಅತ್ತೆ ಬಾಗಿಲು ಹಾಕಿ, ಕಲ್ಲು ಹಿಡಿದು ಏಳುತ್ತಾ ಹಿಂದೆ ತಿರುಗಿದರು. ತಾಟು ಹಿಡಿದು ನಿಂತಿದ್ದ ನಾನು ಕಂಡೆ.

“ಅತ್ತಿ! ಆಸೆ ತೋರಸಬಾರದು ಅಂದಾವ್ರು ನೀವ ಅಲ್ರೀ?”

ಅತ್ತೆ ಕೈಯ ಮಣ್ಣು ಜಾಡಿಸಿಕೊಂಡರು. ಮುಖದಲ್ಲಿ ನಗೆಯ ಸುಳಿವೂ ಇಲ್ಲ.

“ಆಸೆ ಎಲ್ಲೆ ತೋರಿಸೀನಿ? ಊಟಕ್ಕ ಕರದೆ. ಮನೀ ಮಂದೀನ ಊಟಕ್ಕ ಕರಿಯೂದು ತಪ್ಪೇನು? ತಾ ಇಲ್ಲೆ ಆ ತಾಟು.”